ಹಳೇ ಪಿಕಪ್ಪಿನ ಬಾಗಿಲು, ಯತ್ತಪ್ಪನ ಕೊಕ್ಕೆ

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಇದು. ತೀರಿಹೋದ ನನ್ನ ಗಂಡ ಬಸವೇಶನ ಶಿವಗಣಾರಾಧನೆ ನಿನ್ನೆ ಮುಗಿದಿದೆ. ಶಾಮಿಯಾನದವರು ಗೂಟಗಳನ್ನೂ ಕಿತ್ತುಕೊಂಡು ಹೋಗಿದ್ದಾರೆ. ಹಾಲು ಕಾಯಿಸಿ, ಅಂಗಳ ಗುಡಿಸಿ, ಪಿಕಪ್ಪಿನ ಕೀ ತೆಗೆದುಕೊಳ್ಳುತ್ತೇನೆ.

ಡ್ರೈವರ್ ಕಡೆಯ ಬಾಗಿಲು ತೆರೆಯುತ್ತಿಲ್ಲ. ಎಡಗಡೆಯಿಂದ ಹತ್ತಿ, ಗೇರ್ ದಾಟಿ, ಸ್ಟೇರಿಂಗ್ ಮುಂದೆ ಕೂರಬೇಕು. ಪಕ್ಕದಲ್ಲಿ ಬಸವೇಶನ ಅಣ್ಣ ಮುರುಗಪ್ಪ ಭಾವ ಕೂತಿದ್ದಾರೆ. ನಾಳೆ ಚಿತ್ರದುರ್ಗದಲ್ಲಿ ಗಾಡಿಯ ಎಫ್‌ಸಿ, ಅಂದರೆ ಫಿಟ್ನೆಸ್ ತಪಾಸಣೆ, ಇದೆ. ಅದರಲ್ಲಿ ಪಾಸಾದರೆ ಎಳನೀರಿನ ಬಾಡಿಗೆಯನ್ನು ನಾನೇ ಮುಂದುವರಿಸುವೆ ಎಂದಿದ್ದೇನೆ. ಬಾಗಿಲು ತೆರೆಯದ ಗಾಡಿಯನ್ನು ಪಾಸು ಮಾಡುವುದಿಲ್ಲ. ಹಾಗಾದರೆ ಗಾಡಿ ಹಿರಿಯೂರಿನ ಗುಜರಿಗೆ ಹೋಗುತ್ತದೆ. ಗುಜರಿಯವನೊಂದಿಗೆ ಭಾವ ಮಾತಾಡಿಯೂ ಆಗಿದೆ.

ಮಾಡದಕೆರೆಯಿಂದ ಹೊಸದುರ್ಗ ತಲುಪುವಾಗ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಾರ್ಕೆಟ್ಟಿನ ಹಿಂಬದಿಯ ಗೋಡೆ ಪಕ್ಕ ಯತ್ತಪ್ಪ ಆಗಲೇ ಗೋಣಿತಾಟು ಹಾಸಿ ಸಾಮಾನು ಜೋಡಿಸಿದ್ದಾರೆ. ತರಕಾರಿ ಆಟೊ ಒಂದರ ಬಾಗಿಲಿಗೆ ಕಿವಿಯಿಟ್ಟು ಹ್ಯಾಂಡಲ್ ಎಳೆಯುತ್ತಾರೆ, ಬಿಡುತ್ತಾರೆ, ಮತ್ತೆ ಎಳೆಯುತ್ತಾರೆ. ಅರವತ್ತು ದಾಟಿದ, ಸಣಕಲು ದೇಹದ ಮನುಷ್ಯ. ಈ ಊರಿನಲ್ಲಿ ಹಳೇ ಗಾಡಿಗಳ ಬಾಗಿಲು, ಲಾಕು, ಗಾಜು ಬಿಟ್ಟರೆ ಬೇರೆ ಯಾವುದನ್ನೂ ಮುಟ್ಟದ ಮೆಕ್ಯಾನಿಕ್ ಇವರೊಬ್ಬರೇ.

ನಮ್ಮ ಗಾಡಿ ನೋಡಿ ತಲೆ ಎತ್ತುತ್ತಾರೆ. “ಬಸವೇಶಪ್ಪುಂದಲ್ವಾ? ಈ ಕಡೆ ತಲೆ ಹಾಕಿ ವರ್ಷ ಆಗ್ತಾ ಬಂತು. ಎಲ್ಲಿ ಅವ್ನು?”

ಭಾವ ಹೇಳುತ್ತಾರೆ: “ತೀರ್ಕಂಡ. ಎದೆ ನೋವು ಅಂತ ಕುಂತೋನು ಏಳ್ಲಿಲ್ಲ.”

ಯತ್ತಪ್ಪ ಕೈಯಲ್ಲಿದ್ದ ಸ್ಪಾನರ್ ಕೆಳಗಿಡುತ್ತಾರೆ. ಆಮೇಲೆ ನನಗೆ, “ಕುಂತ್ಕಳ್ರಿ ತಾಯಿ,” ಎಂದು ತಾವು ಕೂರುವ ಡಬ್ಬ ತೋರಿಸುತ್ತಾರೆ.

ಹೊರಗಿನ ಹ್ಯಾಂಡಲ್ ಎಳೆದು ನೋಡುತ್ತಾರೆ. ಎಡಗಡೆಯಿಂದ ಹತ್ತಿ ಒಳಗಿನದನ್ನೂ ಎಳೆಯುತ್ತಾರೆ. ಲಾಕಿನ ಗುಂಡಿ ಮೇಲೆ ಕೆಳಗೆ ಆಡುತ್ತಿದೆ, ಬಾಗಿಲು ಮಾತ್ರ ಬಿಡುತ್ತಿಲ್ಲ. “ಸ್ಪ್ರಿಂಗ್ ಹೋಗೈತೆ,” ಎಂದು ತೀರ್ಪು ಕೊಟ್ಟು, ಗಾಜು ಏರಿಳಿಸುವ ಹಿಡಿ ಬಿಚ್ಚಿ, ಒಳಗಿನ ಹಲಗೆಯ ಸ್ಕ್ರೂಗಳನ್ನು ತೆಗೆಯತೊಡಗುತ್ತಾರೆ.

ಯತ್ತಪ್ಪ ಹೊಳಲ್ಕೆರೆ ಕಡೆಯವರಂತೆ; ಕೆಲಸ ಮಾಡುತ್ತಲೇ ಹೇಳುತ್ತಾರೆ. ಮೀಸೆ ಮೂಡುವ ಮೊದಲೇ ದಾವಣಗೆರೆಯ ಗ್ಯಾರೇಜೊಂದಕ್ಕೆ ಸೇರಿದರು. ಅಲ್ಲಿ ಎಲ್ಲರಿಗೂ ಇಂಜಿನ್ ಕೆಲಸವೇ ಬೇಕಿತ್ತು, ಬಾಗಿಲು ಯಾರಿಗೂ ಬೇಡವಾಗಿತ್ತು. ಅದು ಇವರ ಪಾಲಿಗೆ ಬಂತು. “ಇಂಜಿನ್ ಮಾಡಿದೋನು ಮೇಸ್ತ್ರಿ. ಬಾಗ್ಲು ಮಾಡಿದೋನ್ ಹೆಸ್ರು ಯಾರಿಗ್ ಬೇಕು? ಸರಿ ಇದ್ರೆ ಬಾಗ್ಲು ಅಂತ ಒಂದು ಐತೆ ಅನ್ನೋದೇ ಜನಕ್ಕೆ ನೆನಪಿರಲ್ಲ.” ಹೊಸ ಗಾಡಿಗಳ ಬಾಗಿಲಲ್ಲಿ ವೈರುಗಳೇ ತುಂಬಿರುವುದರಿಂದ ಅವು ಇವರ ಬಳಿ ಬರುವುದಿಲ್ಲ. ಒಂದು ಕಾಲಕ್ಕೆ ಗೋಡೆಯುದ್ದಕ್ಕೂ ಗಾಡಿಗಳು ನಿಲ್ಲುತ್ತಿದ್ದವು. ಈಗ ದಿನಕ್ಕೆ ಎರಡು ಬಾಗಿಲು ಬಂದರೆ ಹೆಚ್ಚು, ಕೆಲವು ದಿನ ಒಂದೂ ಇಲ್ಲ. ಹೆಂಡತಿ ಹೋಗಿ ಬಹಳ ಕಾಲವಾಯಿತು. ಊಟ ಹೋಟೆಲಿನಲ್ಲಿ, ಮಲಗುವುದು ಬಾಡಿಗೆಯ ಕೋಣೆಯಲ್ಲಿ. “ಮನೇಲಿ ಬೀಗ ಹಾಕೋನೂ ನಾನೇ, ತೆಗಿಯೋನೂ ನಾನೇ. ತಟ್ಟೋರು ಇಲ್ಲ ನೋಡ್ರಿ, ಅದೊಂದು ಬಾಗ್ಲು ಕೆಟ್ಟೇ ಇಲ್ಲ,” ಎಂದು ನಗುತ್ತಾರೆ.

ಭಾವನಿಗೆ ಅವಸರ. “ಆಗಲ್ಲ ಅಂದ್ರೆ ಹೇಳಿಬಿಡು ಯತ್ತಣ್ಣ. ಗುಜರಿಯೋನು ಕಾಯ್ತಾ ಅವ್ನೆ.”

“ಏನಪ್ಪ ಮುರುಗಪ್ಪ, ಬಾಗ್ಲು ತೆಗಿಲಿಲ್ಲ ಅಂತ ಮನೇನೂ ಮಾರ್ತೀಯಾ?”

ಭಾವ ಬೀಡಿ ಹಚ್ಚಿಕೊಂಡು ಆಚೆ ಹೋಗುತ್ತಾರೆ. ಯತ್ತಪ್ಪ ಸೈಕಲ್ ಕಡ್ಡಿಯೊಂದನ್ನು ಬಾಗಿಲಿನೊಳಗೆ ಇಳಿಬಿಟ್ಟು ಸ್ಪ್ರಿಂಗ್ ಮುಟ್ಟಿ ನೋಡುತ್ತಾರೆ. “ಛೆ, ನಾನ್ ಹೇಳಿದ್ದು ತಪ್ಪು. ಸ್ಪ್ರಿಂಗ್ ಚೆನ್ನಾಗೈತೆ. ಈ ಬಾಗ್ಲನ್ನ ಕೊನೇಗೆ ಯಾರು ಹಾಕಿದ್ದು?”

ಸಾವಿನ ದಿನ ಶಾಮಿಯಾನಕ್ಕೆ ಜಾಗ ಬೇಕಾಗಿತ್ತು. ಗಾಡಿಯನ್ನು ಪಕ್ಕಕ್ಕೆ ಒಯ್ದ ಹುಡುಗರು ಬಾಗಿಲನ್ನು ಜೋರಾಗಿ ಬಡಿದಿದ್ದರು. ಅದನ್ನು ಹೇಳುತ್ತೇನೆ. ಬಸವೇಶ ಯಾವತ್ತೂ ಬಡಿಯುತ್ತಿರಲಿಲ್ಲ. ಹ್ಯಾಂಡಲ್ ಎತ್ತಿ ಹಿಡಿದು, ಮಲಗಿದ ಮಗುವಿರುವ ಕೋಣೆಯ ಬಾಗಿಲಿನಂತೆ ಒತ್ತುತ್ತಿದ್ದ. ನಮಗೆ ಮಗು ಇರಲಿಲ್ಲ.

“ಹಂಗಾರೆ ಒಳಗೆ ಏನೋ ಜಾರೈತೆ,” ಎನ್ನುತ್ತಾರೆ ಯತ್ತಪ್ಪ. “ಮೊಬೈಲ್ ಬೆಳಕು ಹಿಡಿರಿ.”

ಹಿಡಿಯುತ್ತೇನೆ. ಅವರ ಕೈ ಮೊಣಕೈವರೆಗೆ ಬಾಗಿಲಿನೊಳಗೆ ಇಳಿಯುತ್ತದೆ, ತಡಕುತ್ತದೆ, ನಿಲ್ಲುತ್ತದೆ. ತಗಡು ಕರಕರ ಎನ್ನುತ್ತದೆ. ಕೈ ಹೊರಬಂದಾಗ ಬೆರಳ ನಡುವೆ ಗೇಣುದ್ದದ ಕಡ್ಡಿಯೊಂದಿದೆ. ಛತ್ರಿಯ ಕಡ್ಡಿ ಬಗ್ಗಿಸಿ ಮಾಡಿದ ಕೊಕ್ಕೆ. ಹಿಡಿಗೆ ಕೆಂಪು ವೈರು ಸುತ್ತಿದೆ.

ಯತ್ತಪ್ಪ ಅದನ್ನು ತಿರುಗಿಸಿ ನೋಡುತ್ತಾರೆ. “ಇದು ನಂದು.”

ಹೋದ ವರ್ಷ ಇದೇ ಬಾಗಿಲು ಸ್ವಲ್ಪ ತೊಂದರೆ ಕೊಟ್ಟಾಗ, “ಎರಡು ನಿಮಿಷದ ಕೆಲಸ, ನಾನೇ ಮಾಡ್ಕಂತೀನಿ” ಅಂತ ಬಸವೇಶ ಕೊಕ್ಕೆ ಇಸಿದುಕೊಂಡು ಹೋಗಿದ್ದನಂತೆ. ಕೈ ಜಾರಿ ಅದು ಬಾಗಿಲಿನೊಳಗೆ ಬಿದ್ದಿರಬೇಕು. ಇಷ್ಟು ದಿನ ತಳದಲ್ಲಿದ್ದದ್ದು, ಹುಡುಗರು ಬಡಿದ ಏಟಿಗೆ ಎದ್ದು ಲಾಕಿನ ಸರಳಿಗೆ ಅಡ್ಡ ಕೂತಿತ್ತು.

ಒಂದು ವರ್ಷದಿಂದ ಬಸವೇಶ ಹೊಸದುರ್ಗಕ್ಕೆ ಬಂದಾಗಲೆಲ್ಲ ಮಾರ್ಕೆಟ್ಟಿನ ಈ ರಸ್ತೆ ಬಿಟ್ಟು ತಾಲ್ಲೂಕು ಕಚೇರಿ ಕಡೆಯಿಂದ ಸುತ್ತಿಕೊಂಡು ಹೋಗುತ್ತಿದ್ದ. ಜನ ಜಾಸ್ತಿ ಎನ್ನುತ್ತಿದ್ದ. ನಾನು ನಂಬಿದ್ದೆ.

“ಕಳೆದೋಯ್ತು ಅಂತ ಬಂದು ಹೇಳಿದ್ರೆ ಏನಾಗ್ತಿತ್ತು?” ಎಂದು ಯತ್ತಪ್ಪ ಗಾಡಿಯನ್ನು ಕೇಳುತ್ತಾರೆ. “ಬೈತಿದ್ದೆ. ಬೈದು ಟೀ ಕುಡಿಸಿ, ಇನ್ನೊಂದು ಕೊಡ್ತಿದ್ದೆ. ಇಷ್ಟಕ್ಕೆ ಮುಖ ತಪ್ಪಿಸ್ಕಂಡು ಓಡಾಡಿದ್ನಾ, ಹುಚ್ಚಪ್ಪ.”

ಆಮೇಲೆ ಅವರು ಹೊರಗಿನ ಹ್ಯಾಂಡಲ್ ಎಳೆಯುತ್ತಾರೆ. ಬಾಗಿಲು ತೆರೆದುಕೊಳ್ಳುತ್ತದೆ.

ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಎಣ್ಣೆ ಬಿಡುತ್ತಾರೆ, ಹಲಗೆ ಕೂರಿಸುತ್ತಾರೆ. ನನ್ನಿಂದ ಬಾಗಿಲು ಹಾಕಿಸಿ, ತೆಗೆಸಿ, ಚೌಕಟ್ಟಿನಲ್ಲಿರುವ ಕೊಂಡಿಯನ್ನು ಒಂದಿಷ್ಟು ಸರಿಸುತ್ತಾರೆ. “ಇನ್ನೊಂದ್ ಸಲ ಹಾಕ್ರಿ. ಅವ್ನಂಗೆ ಹಾಕಾಕೆ ಹೋಗಬ್ಯಾಡ್ರಿ, ನಿಮ್ ಕೈಗೆ ಬಂದಂಗೆ ಹಾಕ್ರಿ. ಓಡ್ಸೋರು ನೀವಲ್ವಾ?” ನಾಲ್ಕನೆಯ ಸಲಕ್ಕೆ ಸದ್ದು ಸರಿಯಾಗುತ್ತದೆ. ಭಾವ ದೂರದಿಂದ ನೋಡಿ, ಜೇಬಿನಿಂದ ಫೋನ್ ತೆಗೆದು, “ಈಗ ಬ್ಯಾಡ ಬಿಡಪ್ಪ, ಎಫ್‌ಸಿ ಆಗ್ಲಿ ತಡಿ,” ಎಂದು ಯಾರಿಗೋ ಹೇಳುತ್ತಾರೆ.

ನಾನು ಹೊರಡಲು ಅಣಿಯಾಗುತ್ತೇನೆ. ಯತ್ತಪ್ಪ ಕೊಕ್ಕೆಯನ್ನು ಬಟ್ಟೆಯಲ್ಲಿ ಒರೆಸಿ, ಗೋಣಿತಾಟಿನ ಮೇಲಿಡದೆ, ನನ್ನ ಕೈಗೆ ಕೊಡುತ್ತಾರೆ.

“ನಿಮ್ದೇ ಅಲ್ವಾ?” ಎನ್ನುತ್ತೇನೆ.

“ನಂದೇ. ಆದ್ರೆ ಕೊಟ್ಟಿದ್ದನ್ನ ನಾನಾಗೇ ತಗಂಡ್ರೆ ಕಿತ್ಕಂಡಂಗೆ ಆಗ್ತೈತೆ. ಗ್ಯಾರೇಜಿನ ಕಾಲ್ದಿಂದ್ಲೂ ನಮ್ ಪದ್ಧತಿ ಹಂಗೇ. ಇಸ್ಕಂಡೋರು, ಇಲ್ಲಾ ಅವ್ರ ಮನೆಯೋರು, ತಂದು ಇಡಬೇಕು.”

ಕೊಕ್ಕೆ ಹಗುರವಾಗಿದೆ. ಕೆಂಪು ವೈರು ಹಿಡಿದು ಹಿಡಿದು ನುಣುಪಾಗಿದೆ. ಬಗ್ಗಿ, ಸ್ಕ್ರೂಡ್ರೈವರುಗಳ ಸಾಲಿನ ಕೊನೆಯಲ್ಲಿ ಇಡುತ್ತೇನೆ. ಕೈ ತೆಗೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಯತ್ತಪ್ಪ ಕಾಯುತ್ತಾರೆ.

“ಬಸವೇಶಪ್ಪುಂದು ಬಂತು,” ಎನ್ನುತ್ತಾರೆ ಆಮೇಲೆ, ಸಾಮಾನು ವಾಪಸು ತಂದ ಯಾರ ಹೆಸರನ್ನಾದರೂ ಹೇಳುವ ಹಾಗೆ, ಗಟ್ಟಿಯಾಗಿ.