ಪತನಕ್ಕೆ ಮುಂಚೆ ಊಟ

ಇಟಲಿಯಲ್ಲಿ ಫ್ಯಾಸಿಸಂ ಬಿದ್ದು ಎಂಬತ್ತು ವರ್ಷ ದಾಟಿತು. ನಮ್ಮ ಕುಮಟಾ, ಹೊನ್ನಾವರದ ಕಡೆ ಮಾತ್ರ ಅದಕ್ಕೆ ಬೀಳಲು ಪುರುಸೊತ್ತೇ ಸಿಗಲಿಲ್ಲ. ಏರುವಾಗ ಚೆನ್ನಾಗಿಯೇ ಏರಿತು, ಜನ ಚಪ್ಪಾಳೆಯನ್ನೂ ತಟ್ಟಿದರು. ಬೀಳುವ ಹೊತ್ತಿಗೆ ಸರಿಯಾಗಿ ಊಟಕ್ಕೆ ಎಲೆ ಹಾಕಿದರು.

ಇದಕ್ಕೆಲ್ಲ ಮೂಲ ನಾನೇ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದ ಅಕ್ಕೋರು. ಕಲಿಸಿ ಎಂದರೆ, ಫ್ಯಾಸಿಸಂನ ಏಳುಬೀಳು ಪರೀಕ್ಷೆಗೆ ಬಂದೇ ಬರುತ್ತದೆ, ಅಂಶಗಳನ್ನು ಒಂದರ ಕೆಳಗೊಂದು ಬರೆದರೆ ಪೂರ್ತಿ ಅಂಕ ಎಂದು ಹೇಳಿಕೊಟ್ಟವಳು. ಮಕ್ಕಳು ಜಾಣರು, ಬರೆದರು, ಪಾಸಾದರು. ಈಗ ಅವರೇ ವಾಟ್ಸಾಪಿನಲ್ಲಿ "ನಮ್ಗೂ ಅಂಥಾ ಒಬ್ಬ ಗಟ್ಟಿ ಮನಷ ಬೇಕಾಗಿತ್ತು ಅಕ್ಕೋರೆ" ಎಂದು ಬರೆದು, ಕೆಳಗೆ ಕೈಮುಗಿಯುವ ಚಿತ್ರ ಹಾಕುತ್ತಾರೆ. ಕೊಟ್ಟ ಅಂಕ ವಾಪಸು ಪಡೆಯುವ ಪದ್ಧತಿ ನಮ್ಮ ಇಲಾಖೆಯಲ್ಲಿ ಇಲ್ಲ.

ತರಗತಿಯಲ್ಲಿ ಆಗದ್ದು ತಾಳಮದ್ದಲೆಯಲ್ಲಿ ಆದೀತು ಎಂದುಕೊಂಡೆ. ತಾಳಮದ್ದಲೆಯೆಂದರೆ ವೇಷವಿಲ್ಲದ ಯಕ್ಷಗಾನ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರು ಕುಳಿತು ಆ ಪದ್ಯದ ಮೇಲೆ ಆಶುವಾಗಿ ಮಾತಾಡುತ್ತಾರೆ. ಅದರಲ್ಲಿ ಒಂದು ಧರ್ಮವಿದೆ. ಯಾವ ಪಾತ್ರ ಬಂದರೂ ಅದರ ಪರವಾಗಿ ಜೀವ ಬಿಟ್ಟು ವಾದಿಸಬೇಕು. ಖಳನಾದರೂ ಸರಿ, ಕಥೆಯಲ್ಲಿ ಸೋಲಲಿ, ಮಾತಿನಲ್ಲಿ ಸೋಲಬಾರದು. ಎದುರಿನವನು ನಡುನಡುವೆ "ಹೂಂ, ಆಮೇಲೆ?" ಎನ್ನುತ್ತಿರಬೇಕು. ಆ ಹೂಂ ಇಲ್ಲದಿದ್ದರೆ ಎಂಥ ಅರ್ಥಧಾರಿಯ ನಾಲಿಗೆಯೂ ಒಣಗುತ್ತದೆ. ಇನ್ನೊಂದು ಪದ್ಧತಿಯೂ ಇದೆ: ಪಾತ್ರ ಸತ್ತರೂ ಅರ್ಥಧಾರಿ ಎದ್ದು ಹೋಗುವುದಿಲ್ಲ. ಅಲ್ಲೇ ಕುಳಿತು ಕಷಾಯ ಕುಡಿಯುತ್ತಾನೆ.

ನಮ್ಮ ಮನೆಯಲ್ಲೇ ಒಬ್ಬ ದೊಡ್ಡ ಅರ್ಥಧಾರಿ ಇದ್ದಾರೆ, ನನ್ನ ಗಂಡ. ಪುರಾಣದ ಖಳ ಪಾತ್ರಗಳಿಗೆ ಅವರದೇ ಬಾಯಿ ಎಂದು ಘಟ್ಟದ ಮೇಲಿನವರೂ ಒಪ್ಪುತ್ತಾರೆ. ಮನೆಯಲ್ಲಿ ಮಾತ್ರ ಎರಡನೆಯ ಲೋಟ ಚಹಾಕ್ಕೆ ಹಾಲು ಉಳಿದಿದೆಯೇ ಎಂದು ಕೇಳಿಕೊಂಡು ಬರುವ ಮನುಷ್ಯ. ಇರುವೆಯ ಸಾಲು ಕಂಡರೆ ಚಪ್ಪಲಿ ಎತ್ತಿ ದಾಟುತ್ತಾರೆ. ನೌಕರಿಯಿಡೀ ಬಸ್ ನಿಲ್ದಾಣದ ಕಂಟ್ರೋಲರ್ ಆಗಿದ್ದರು. ಅವರ ಕಾಲದಲ್ಲಿ ಒಂದು ಬಸ್ಸೂ ಹೇಳಿದ ಹೊತ್ತಿಗೆ ಹೊರಟಿದ್ದು ನನಗೆ ನೆನಪಿಲ್ಲ.

ಅವರ ಜೀವದ ಗೆಳೆಯ ಭಟ್ಕಳದ ಮೈಕಿನವರು. ಮನೆಯಲ್ಲಿ ಭಟ್ಕಳದ ಮುಸ್ಲಿಮರ ನವಾಯತಿ ಭಾಷೆ ಆಡುವ ಆ ಮನುಷ್ಯ, ನಮ್ಮೊಡನೆ ಇದ್ದೂ ಇದ್ದೂ ಅರ್ಧದಷ್ಟು ಯಕ್ಷಗಾನ ಪ್ರಸಂಗಗಳನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ನನ್ನ ಗಂಡನ ಗಂಟಲು ಯಾವ ಸ್ಥಾಯಿಗೆ ಏರುವಾಗ ಯಾವ ಗುಬ್ಬಿ ತಿರುಗಿಸಬೇಕೆಂದು ಬಲ್ಲವರು ಅವರೊಬ್ಬರೇ. ಮುಗಿದ ಮೇಲೆ ಮೈಕಿನ ಪೆಟ್ಟಿಗೆಯ ಒಂದು ತುದಿ ಅವರು, ಇನ್ನೊಂದು ತುದಿ ನನ್ನ ಗಂಡ ಹಿಡಿದು ವ್ಯಾನಿಗೆ ಏರಿಸಬೇಕು. ಭಟ್ಕಳದ ದಿಕ್ಕಿಗೆ ಹೋದರೆ ಅವರ ಮನೆಯಲ್ಲಿ ಚಹಾ ಕುಡಿಯದೆ ಬಸ್ಸು ಹತ್ತಿದ್ದೇ ಇಲ್ಲ. ಅವರ ಹೆಂಡತಿ ಪ್ರತಿಸಲ "ಇವತ್ತು ಎಂತ ಪಾತ್ರ ಸರ್?" ಎಂದು ಕೇಳುತ್ತಾರೆ, ಇವರು ಸೋಫಾದ ಮೇಲೆ ಕುಳಿತೇ ಗರ್ಜಿಸಿ ತೋರಿಸುತ್ತಾರೆ. ಬಿಸ್ಕತ್ತಿನ ತಟ್ಟೆ ನಡುಗುತ್ತದೆ, ಆ ತಾಯಿಗೆ ನಗು ತಡೆಯಲಾಗುವುದಿಲ್ಲ.

ಸರಿ, ಪ್ರಸಂಗ ಬರೆದೆ. ಇಟಲಿಯ ಸರ್ವಾಧಿಕಾರಿಯ ಏಳುಬೀಳು. ಕರಿ ಅಂಗಿಯ ಪುಂಡರು ರೋಮಿಗೆ ದಂಡೆತ್ತಿ ಬರುತ್ತಾರೆ, ನಾಯಕ ಮಾತ್ರ ರೈಲಿನಲ್ಲಿ ಹಾಯಾಗಿ ಮಲಗಿಕೊಂಡು ಬರುತ್ತಾನೆ. ರಾಜ ಹೆದರಿ ಬಾಗಿಲು ತೆಗೆಯುತ್ತಾನೆ. ಸಾಹುಕಾರರು ಕಾರ್ಯವಾಸಿ ಕತ್ತೆಕಾಲು ಹಿಡಿಯುತ್ತಾರೆ. ಎದುರು ಮಾತಾಡಿದವರಿಗೆ ಪುಂಡರು ಬಲವಂತವಾಗಿ ಹರಳೆಣ್ಣೆ ಕುಡಿಸುತ್ತಾರೆ. ಚುನಾವಣೆ ಮೋಸದ್ದೆಂದು ಸಂಸತ್ತಿನಲ್ಲಿ ಎದ್ದು ನಿಂತ ಒಬ್ಬ ಸದಸ್ಯನನ್ನು ಹಾಡಹಗಲೇ ಕಾರಿನಲ್ಲಿ ಎಳೆದೊಯ್ದು ಕೊಲ್ಲುತ್ತಾರೆ. ಆಮೇಲೆ ವಿಜಯದ ಭಾಷಣ, ಜರ್ಮನಿಯ ಶಿಷ್ಯನ ಜೊತೆ ಸಖ್ಯ, ಯುದ್ಧ, ಸೋಲು. ಕೊನೆಗೆ ಸಾಕಿದವರೇ ಕೈಯೆತ್ತಿ ಮತ ಹಾಕಿ ಇಳಿಸುತ್ತಾರೆ, ರಾಜ ಹೊರಡು ಎನ್ನುತ್ತಾನೆ, ಆಂಬುಲೆನ್ಸಿನಲ್ಲಿ ಕೂರಿಸಿ ಸಾಗಿಸುತ್ತಾರೆ, ಮುಂದೆ ಒಂದು ಪೆಟ್ರೋಲ್ ಬಂಕಿನ ಎದುರು ಹೆಣ ತಲೆಕೆಳಗಾಗಿ ತೂಗುತ್ತದೆ. ಮಾಡಿದ್ದುಣ್ಣೋ ಮಹಾರಾಯ ಎಂದು ಮಂಗಳ ಹಾಡುವುದು. ಸರ್ವಾಧಿಕಾರಿ ನನ್ನ ಗಂಡ, ಕೊಲೆಯಾಗುವ ಸದಸ್ಯ ನಾನು, ರಾಜನ ಪಾತ್ರ ನಿವೃತ್ತ ಪೋಸ್ಟ್ ಮಾಸ್ತರರಿಗೆ. ಅವರು ಮಿತಭಾಷಿ, ರಾಜನಿಗೆ ಅಷ್ಟು ಸಾಕು.

ಮೊದಲ ಪ್ರಯೋಗ ಕುಮಟೆಯ ಹತ್ತಿರ ಹೊಳನಗದ್ದೆಯಲ್ಲಿ, ಒಂದು ಭಾನುವಾರ ಬೆಳಿಗ್ಗೆ. ನಾನು ಬಾಯಿ ತೆರೆದವಳೇ ಹರಳೆಣ್ಣೆಯ ಅನ್ಯಾಯವನ್ನು ಎತ್ತಿದೆ. ನನ್ನ ಗಂಡ ಮೀಸೆ ತಿರುವಿದರು.

"ಸದಸ್ಯರೇ! ನಿಮ್ಮ ತಾಯಿ ಹರಳೆಣ್ಣೆ ಕುಡಿಸಿದ ದಿನ ಯಾವ ಸಂಸತ್ತಿಗೆ ದೂರು ಕೊಟ್ಟಿರಿ? ಮಗುವಿನ ಹೊಟ್ಟೆಯ ಕಶ್ಮಲ ತೆಗೆದವಳು ತಾಯಿ. ದೇಶದ ಕಶ್ಮಲ ತೆಗೆಯುವವನು ನಾನು!"

ಸಭೆ ಬಿದ್ದು ಬಿದ್ದು ನಕ್ಕಿತು. ನಮ್ಮ ಕಡೆ ಮೂಗು ಹಿಡಿಸಿಕೊಂಡು ಹರಳೆಣ್ಣೆ ಕುಡಿಯದೆ ಬೆಳೆದವರು ಯಾರಿದ್ದಾರೆ? ಕುರ್ಚಿಗೆ ಕಟ್ಟಿಹಾಕಿ ಕುಡಿಸುತ್ತಿದ್ದರು, ಮೈಮೇಲೆ ಭೇದಿಯಾಗಿ ಬೀದಿಯಲ್ಲಿ ಮಾನ ಕಳೆಯುತ್ತಿದ್ದರು, ಅದರಲ್ಲೇ ಸತ್ತವರೂ ಇದ್ದರು ಎಂದು ನಾನು ಹೇಳಿದೆ. ನಗುವಿನ ನಡುವೆ ಅದು ಯಾರಿಗೂ ಕೇಳಲಿಲ್ಲ. ರೈಲುಗಳನ್ನು ಹೊತ್ತಿಗೆ ಸರಿಯಾಗಿ ಓಡಿಸಿದೆ ಎಂದು ಅವರು ಘೋಷಿಸಿದಾಗಲಂತೂ ಚಪ್ಪಾಳೆ ನಿಲ್ಲಲೇ ಇಲ್ಲ. ಅವರ ನಿಲ್ದಾಣದಲ್ಲಿ ಗಂಟೆಗಟ್ಟಲೆ ಬಸ್ಸು ಕಾದವರೇ ಎಲ್ಲರಿಗಿಂತ ಜೋರಾಗಿ ತಟ್ಟಿದರು. ನಾನು ಕೊಲೆಯಾದೆ. ಕಷಾಯ ಬಂತು, ಕುಡಿದೆ. ಎದುರು ಹೂಂ ಎನ್ನಲು ಆ ಮಿತಭಾಷಿ ರಾಜನ ಹೊರತು ಬೇರೆ ಯಾರೂ ಇಲ್ಲವೆಂದು ಸತ್ತ ಮೇಲೂ ನಾನೇ ಹೂಂಗುಟ್ಟುತ್ತಿದ್ದೆ. ಯುದ್ಧ ಶುರುವಾಗಬೇಕು, ಅಷ್ಟರಲ್ಲಿ ಅನ್ನ ಆರುತ್ತದೆಂದು ಒಳಗಿನಿಂದ ಕರೆ ಬಂತು. ಭಾಗವತರು ಮಂಗಳ ಹಾಡಿಬಿಟ್ಟರು.

ಇಡಗುಂಜಿಯವರು ಅದೇ ವಾರ ಕರೆದರು. ಸಂಘಟಕ ನನ್ನ ಹಳೆಯ ವಿದ್ಯಾರ್ಥಿ.

"ಅಕ್ಕೋರೆ, ಪತನ ಎಂತಕ್ಕೆ? ಸರ್ ಮಾತು ಮುಗ್ದ ಕೂಡ್ಲೆ ಮಂಗಳ ಹಾಡ್ಸಿ ಬಿಡುವ. ಜನಕ್ಕೆ ಊಟಕ್ಕೆ ಹೊತ್ತಾಗ್ತದೆ."

"ಪತನ ಇಲ್ದೇ ಹೋದ್ರೆ ಕಥೆ ಎಂತ ಆತು ಮಾರಾಯ?"

"ಕಥೆ ಎಲ್ಲರಿಗೂ ಗೊತ್ತಿದ್ದದ್ದೇ ಅಲ್ವಾ?"

ಗೊತ್ತಿದ್ದದ್ದೇ, ಅವನಿಗೆ ನಾನೇ ಪೂರ್ತಿ ಅಂಕ ಕೊಟ್ಟಿದ್ದೆ. ಇಡಗುಂಜಿಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ "ಸಾಕು, ಕೂತ್ಕಳಿ ಅಕ್ಕೋರೆ" ಎಂದರು. ತಮಾಷೆಗೆ ಅಂದದ್ದು, ಇರಲಿ.

ಇರಲಿ ಎನ್ನಲಾಗದ್ದು ಮನೆಯಲ್ಲಿ ನಡೆಯಿತು. ನನ್ನ ಗಂಡ ಎರಡನೆಯ ಚಹಾವನ್ನು ಕೇಳುವುದು ಬಿಟ್ಟು ತರಿಸಿಕೊಳ್ಳತೊಡಗಿದರು. ಪೇಪರು ಓದುತ್ತಾ "ದೇಶದೊಳಗಿನ ಶತ್ರುಗಳೇ ಅಪಾಯ" ಎಂದು ಗೊಣಗಿದರು. ಯಾರು ಅವರು ಎಂದು ಕೇಳಿದರೆ ಪುಟ ಮಗುಚಿದರು. ಅದು ಅವರದೇ ಪಾತ್ರದ ಮಾತು, ಚಪ್ಪಾಳೆ ಬಿದ್ದ ಮಾತು, ನಾಲಿಗೆಗೆ ಅಂಟಿಕೊಂಡಿತ್ತು. ಪುರಾಣದ ಖಳರನ್ನು ಅವರು ವೇದಿಕೆಯಲ್ಲೇ ಬಿಟ್ಟು ಬರುತ್ತಿದ್ದರು. ಇವನು ಮಾತ್ರ ಚಪ್ಪಲಿ ಹಾಕಿಕೊಂಡು ಮನೆಗೆ ಬಂದಿದ್ದ. ನನಗೆ ನಿಜವಾಗಿ ಭಯವಾಯಿತು. ಇಟಲಿ ಹಾಳಾಗಿ ಹೋಗಲಿ, ಈ ಮನುಷ್ಯ ಕೈತಪ್ಪಿ ಹೋದರೆ ನಾನು ಎಲ್ಲಿ ಹುಡುಕಲಿ?

"ಅದು ಪಾತ್ರ ಮಾರಾಯ್ತಿ" ಎಂದರು ಅವರು. "ನೀ ಎಂತಕ್ಕೆ ತಲೆಬಿಸಿ ಮಾಡ್ಕಂತೆ?"

ಮೂರನೆಯದು ಭಟ್ಕಳದ ಪಕ್ಕದ ಮುಟ್ಟಳ್ಳಿಯಲ್ಲಿ, ಮಧ್ಯಾಹ್ನದ ಊಟದ ನಂತರ. ಊಟ ಮುಗಿದಿದೆಯಲ್ಲ, ಇಂದಾದರೂ ಪತನಕ್ಕೆ ಹೊತ್ತು ಸಿಕ್ಕೀತು ಎಂಬ ಆಸೆ ನನಗೆ. ಚಪ್ಪರದ ಹಿಂಗಂಬದ ಬುಡದಲ್ಲಿ ಮೈಕಿನವರು ತಮ್ಮ ಮೇಜು ಹಾಕಿಕೊಂಡಿದ್ದರು. ಮುಗಿದ ಮೇಲೆ ಮನೆಗೆ ಬರಬೇಕೆಂದು ಹೆಂಡತಿ ಹೇಳಿ ಕಳಿಸಿದ್ದನ್ನು ಮೊದಲೇ ತಿಳಿಸಿದ್ದರು.

ನಾನು ಎಂದಿನಂತೆ ಕೊಲೆಯಾಗಿ ಕಷಾಯದ ಲೋಟ ಹಿಡಿದು ಕುಳಿತೆ. ವಿಜಯದ ಭಾಷಣ ಶುರುವಾಯಿತು.

"ಶತ್ರು ಗಡಿಯಾಚೆ ಇಲ್ಲ" ಎಂದರು ನನ್ನ ಗಂಡ.

"ಹೂಂ" ಎಂದೆ.

"ನಮ್ಮ ನಡುವೆಯೇ ಇದ್ದಾನೆ. ನಮ್ಮ ಭಾಷೆಯನ್ನೇ ಆಡುತ್ತಾನೆ."

"ಹೂಂ, ಆಮೇಲೆ?"

"ನಮ್ಮ ಸಭೆಗೇ ಬಂದು ಕೂರುತ್ತಾನೆ. ಇಗೋ, ಈ ಸಭೆಯಲ್ಲೂ ಇದ್ದಾನೆ. ತಿರುಗಿ ನೋಡಿ!"

ಇದು ಹಿಂದಿನ ಎರಡು ಕಡೆ ಇರಲಿಲ್ಲ, ಚಪ್ಪಾಳೆಯ ಆಸೆಗೆ ಆ ಕ್ಷಣ ಹುಟ್ಟಿದ್ದು. ಜನ ತಿರುಗಿದರು. ಹಿಂದೆ ಇದ್ದದ್ದು ಒಂದು ಮೇಜು, ಒಬ್ಬ ಮನುಷ್ಯ. ಯಾರೋ ಕಿಸಕ್ಕೆಂದರು. ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಹಲವರು. ಯಾರೂ ಕೆಟ್ಟ ಮಾತೊಂದನ್ನೂ ಆಡಲಿಲ್ಲ. ಬರೀ ನೋಡಿದರು. ಮೈಕಿನವರು ತಲೆ ತಗ್ಗಿಸಿದರು. ಚಪ್ಪಾಳೆಗೆ ಮೈಕು ಕುಂಯ್‌ಗುಡುತ್ತಿತ್ತು, ಗುಬ್ಬಿ ತಿರುಗಿಸಿ ಸರಿಮಾಡಿದರು. ನನ್ನ ಗಂಡನ ದನಿ ಇನ್ನಷ್ಟು ಸ್ಪಷ್ಟವಾಗಿ ಕೇಳತೊಡಗಿತು.

ನನಗೆ ಮೈಯೆಲ್ಲ ಉರಿದುಹೋಯಿತು. ಗಂಡನ ಮೇಲೆ, ಸಭೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಸತ್ತ ಮೇಲೂ ಹೂಂಗುಟ್ಟುತ್ತಿದ್ದ ನನ್ನ ಮೇಲೆ. ಲೋಟ ಕೆಳಗಿಟ್ಟು ಎದ್ದೆ. ವೇದಿಕೆ ಇಳಿದು, ಕುರ್ಚಿಗಳ ನಡುವೆ ನಡೆದು, ಮೈಕಿನವರ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕುಳಿತೆ. ತಾಳಮದ್ದಲೆಯಲ್ಲಿ ಹೆಣ ಎದ್ದು ಹೋದದ್ದನ್ನು ಮುಟ್ಟಳ್ಳಿಯವರು ಮೊದಲ ಸಲ ಕಂಡಿರಬೇಕು.

ನನ್ನ ಗಂಡ "ಇಂಥ ಶತ್ರುವನ್ನು..." ಎಂದರು. ಹೂಂ ಬರಲಿಲ್ಲ. "ಇಂಥ ಶತ್ರುವನ್ನು ನಾನು..." ಎಂದರು. ಖಾಲಿ ಕುರ್ಚಿ ನೋಡಿದರು, ಸಭೆ ದಾಟಿ ನನ್ನನ್ನು ಹುಡುಕಿದರು. ನಾನು ಎಲ್ಲಿ ಕುಳಿತಿದ್ದೇನೆ, ಯಾರ ಪಕ್ಕ ಕುಳಿತಿದ್ದೇನೆ ಎಂದು ಕಂಡಾಗ ಅವರ ಮುಖ ಇಳಿಯಿತು. ತಾನು ಯಾರ ಕಡೆ ಜನರನ್ನು ತಿರುಗಿಸಿದೆ ಎಂಬುದು ಆಗ ಅವರಿಗೆ ಹೊಳೆಯಿತು.

ಭಾಗವತರು ಅನುಭವಸ್ಥರು. ಮಾತು ನಿಂತರೆ ಪದ್ಯ ಎತ್ತಬೇಕು. ಯುದ್ಧವನ್ನೆಲ್ಲ ಹಾರಿಸಿ ನೇರ ಪತನದ ಪದ್ಯಕ್ಕೆ ಹೋದರು. ಪೋಸ್ಟ್ ಮಾಸ್ತರರು ಕನ್ನಡಕ ಸರಿಮಾಡಿಕೊಂಡು, ಇಡೀ ಪ್ರಸಂಗದ ತಮ್ಮ ಅತಿ ಉದ್ದದ ಮಾತನ್ನಾಡಿದರು.

"ಆತು ಮಾರಾಯ. ಇನ್ನು ನೀನು ಹೊರಡು."

ಸಭೆ ಹೋ ಎಂದು ನಕ್ಕು ಚಪ್ಪಾಳೆ ತಟ್ಟಿತು. ಈಗಷ್ಟೇ ತಿರುಗಿ ನೋಡಿದ್ದ ಅದೇ ಜನ, ಅದೇ ಕೈಗಳು. ಇಟಲಿಯಲ್ಲೂ ಹೀಗೇ ಅಂತೆ, ಬಾಲ್ಕನಿಯ ಕೆಳಗೆ ಜೈಕಾರ ಕೂಗಿದವರೆಲ್ಲ ಬಂಕಿನ ಹತ್ತಿರ ಬರುವಾಗ ಹುಟ್ಟಾ ವಿರೋಧಿಗಳಾಗಿದ್ದರು. ಮಾತಿನಲ್ಲಿ ಎಂದೂ ಸೋಲದ ನನ್ನ ಗಂಡ "ಹೊರಟೆ" ಎಂದರು. ಅಷ್ಟೇ. ಅಲ್ಲಿಗೆ ನಮ್ಮ ಜಿಲ್ಲೆಯಲ್ಲಿ ಫ್ಯಾಸಿಸಂ ಬಿತ್ತು.

ಸಂಘಟಕರು ನನ್ನ ಹತ್ತಿರ ಬಂದು, "ಎಂತ ಅಕ್ಕೋರೆ, ಹೀಗೆ ನಡುವೆ ಎದ್ದು ಹೋದ್ರೆ ಪ್ರಸಂಗ ಕೆಟ್ಟು ಹೋಗ್ತದಲ್ಲ" ಎಂದು ಬೇಜಾರು ಮಾಡಿಕೊಂಡರು. ಬೇಗ ಎದ್ದಿದ್ದರೆ ಬೇಗ ಕೆಡುತ್ತಿತ್ತು ಎಂದೆ. ಅವರಿಗೆ ಅರ್ಥವಾದ ಹಾಗೆ ಕಾಣಲಿಲ್ಲ.

ನನ್ನ ಗಂಡ ಹಿಂಗಂಬದ ಹತ್ತಿರ ಬಂದರು. ಎಂದಿನಂತೆ ಪೆಟ್ಟಿಗೆಯ ಒಂದು ತುದಿಗೆ ಕೈ ಹಾಕಿದರು. ಮೈಕಿನವರು ವಯರು ಸುತ್ತುತ್ತಾ, "ಬೇಡ ಸರ್, ನಾನೇ ಇಡ್ತೇನೆ" ಎಂದರು.

"ಅದು... ಪಾತ್ರದ ಮಾತು" ಎಂದರು ಇವರು.

"ಗೊತ್ತುಂಟು ಸರ್. ನೀವು ಹೇಳಿದ್ದು ಪಾತ್ರ." ವಯರಿನ ಸುರುಳಿಯನ್ನು ಪೆಟ್ಟಿಗೆಯೊಳಗೆ ಇಟ್ಟರು. "ತಿರುಗಿ ನೋಡಿದವ್ರು ಪಾತ್ರ ಅಲ್ಲ."

ಪೆಟ್ಟಿಗೆಯನ್ನು ಒಬ್ಬರೇ ಎತ್ತಿ ವ್ಯಾನಿಗೆ ಹಾಕಿದರು. ನಾವಿಬ್ಬರೂ ರಸ್ತೆಯ ಅಂಚಿನಲ್ಲಿ ನಿಂತಿದ್ದೆವು. ಬಸ್ಸಿಗೆ ಹೋಗಬೇಕೋ, ಏನೋ. ಕೇಳುವ ಮುಖ ನಮಗಿರಲಿಲ್ಲ. ಮೈಕಿನವರು ವ್ಯಾನು ಶುರುಮಾಡಿ ನಾಲ್ಕು ಮಾರು ಮುಂದೆ ಹೋಗಿ ನಿಲ್ಲಿಸಿ, ಎಡಗಡೆಯ ಬಾಗಿಲು ತೆರೆದರು.

"ಬನ್ನಿ. ಅವಳು ಚಾ ಇಟ್ಟು ಕಾಯ್ತಾ ಇರ್ತಾಳೆ."

ಅವರ ಮನೆಯಲ್ಲಿ ಅದೇ ಸೋಫಾ, ಅದೇ ಬಿಸ್ಕತ್ತಿನ ತಟ್ಟೆ. ಆ ತಾಯಿ ಚಹಾ ಕೊಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ನಗಲು ತಯಾರಾಗಿ ಎದುರಿಗೆ ಕುಳಿತರು.

"ಇವತ್ತು ಎಂತ ಪಾತ್ರ ಸರ್?"

ನನ್ನ ಗಂಡ ಲೋಟವನ್ನೇ ನೋಡುತ್ತಿದ್ದರು. ಅವರ ಕಣ್ಣು ತುಂಬಿದ್ದು ನನಗೆ ಕಾಣುತ್ತಿತ್ತು. ಆ ತಾಯಿ ಕಾದರು, ನನ್ನ ಮುಖ ನೋಡಿದರು.

ಉತ್ತರ ಕೊಟ್ಟವರು ಮೈಕಿನವರು.

"ಸಣ್ಣ ಪಾತ್ರ" ಎಂದರು, ಬಿಸ್ಕತ್ತಿನ ತಟ್ಟೆಯನ್ನು ಇವರ ಕಡೆ ಸರಿಸುತ್ತಾ. "ಬೇಗ ಮುಗೀತು."

ತಮ್ಮ ಪಾತ್ರವನ್ನು ಸಣ್ಣದೆಂದು ಯಾರಾದರೂ ಅಂದರೆ ತಿಂಗಳುಗಟ್ಟಲೆ ಮುನಿಸಿಕೊಳ್ಳುತ್ತಿದ್ದ ನನ್ನ ಗಂಡ, ಹೌದೆಂದು ತಲೆಯಾಡಿಸಿ ಒಂದು ಬಿಸ್ಕತ್ತು ತೆಗೆದುಕೊಂಡರು.