ರಾಜಾಜ್ಞೆಯನ್ನು ಕಣ್ಣಿಗೊತ್ತಿಕೊಂಡ ಪ್ರಸಂಗ

ಓದುಗರ ಗಮನಕ್ಕೆ ತರಬಯಸುವುದೇನೆಂದರೆ, ರಜೆ ಅರ್ಜಿಗಳನ್ನು ಹೊರತುಪಡಿಸಿ ನಾನು ಈವರೆಗೆ ಏನನ್ನೂ ಬರೆದವಳಲ್ಲ. ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ವಿನಂತಿ.

ಅಡಿಲೇಡಿನ ಮಾಡ್ಬರಿ ಬಡಾವಣೆಯ ನಿವಾಸಿಯಾದ ನಾನು, ಮಗಳು ಹೈಸ್ಕೂಲಿಗೆ ಸೇರಿದ ತರುವಾಯ ವಿಶ್ವವಿದ್ಯಾಲಯದಲ್ಲಿ ಚರಿತ್ರೆ ಓದತೊಡಗಿದೆ. ಅಮೆರಿಕ ಖಂಡದಲ್ಲಿದ್ದ ಸ್ಪೇನಿನ ವಸಾಹತುಗಳು ಸ್ವತಂತ್ರವಾದ ಬಗೆಯನ್ನು ಕುರಿತು ತರಗತಿಯ ಮುಂದೆ ಮಾತನಾಡುವಂತೆ ನನಗೆ ಸೂಚಿಸಲಾಗಿತ್ತು. ಹಿಂದಿನ ಸಲ ಇಂಥದೇ ಸಂದರ್ಭದಲ್ಲಿ ಮಾತೇ ಹೊರಡದೆ ಕುಳಿತುಬಿಟ್ಟಿದ್ದೆ. ಈ ಬಾರಿಯೂ ಹಾಗೇ ಆದಲ್ಲಿ ಓದನ್ನೇ ಕೈಬಿಡುವುದೆಂದು ಮನೆಯಲ್ಲಿ ಘೋಷಿಸಿಯೂ ಆಗಿತ್ತು.

"ಅಮ್ಮಾ, ಯು ವಿಲ್ ಬಿ ಫೈನ್," ಎಂದು ಮಗಳು ಟೋಸ್ಟ್ ತಿನ್ನುತ್ತಲೇ ಅಭಯ ನೀಡಿದಳು.

ತರಗತಿಯಲ್ಲಿ ಎದ್ದು ನಿಂತೊಡನೆ ಕೈಯಲ್ಲಿದ್ದ ಹಾಳೆಗಳು ಜಾರಿ ಚೆಲ್ಲಿದವು. ಒಂದಕ್ಕೆ ಕಾಲು ತಗುಲಿತು. ನಾನು ಬಗ್ಗಿ, ಅದನ್ನು ಮುಟ್ಟಿ, ಕಣ್ಣಿಗೊತ್ತಿಕೊಂಡೆ.

"ಈಗ ಮಾಡಿದ್ದು ಏನು?" ಮುಂದಿನ ಸಾಲಿನ ಹುಡುಗಿ ಕೇಳಿದಳು. ಆಕೆಯ ತಂದೆತಾಯಿ ಆ ವಸಾಹತುಗಳಲ್ಲೊಂದಾಗಿದ್ದ ಪೆರುವಿನವರು.

"ಕಾಗದ ಅಂದ್ರೆ ನಮಗೆ ವಿದ್ಯೆ. ಕಾಲು ತಾಗಿದ್ರೆ ಕ್ಷಮೆ ಕೇಳ್ತೀವಿ."

"ಫೇಲ್ ಆದ ಉತ್ತರ ಪತ್ರಿಕೆಗೂ?"

"ಅದಕ್ಕೆ ಇನ್ನೂ ಜಾಸ್ತಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಕ್ಷಣದಲ್ಲಿ ನಾನು ಹೇಳಬೇಕಿದ್ದ ವಿಷಯವೇ ಕಣ್ಣೆದುರಿಗೆ ಬಂದು ನಿಂತಂತಾಯಿತು.

"ವಸಾಹತುಗಳ ಅಧಿಕಾರಿಗಳೂ ಹೀಗೇ ಮಾಡ್ತಿದ್ರು," ಎಂದೆ. "ರಾಜನ ಆಜ್ಞೆ ಬಂದ್ರೆ ಮುತ್ತಿಟ್ಟು ತಲೆ ಮೇಲೆ ಇಟ್ಕೊಳ್ಳೋರು. ಅದು ತಮ್ಮ ಊರಿಗೆ ಹೊಂದದಿದ್ರೆ, ವಿಧೇಯರಾಗಿದ್ದೇವೆ ಆದರೆ ಜಾರಿಗೊಳಿಸೋದಿಲ್ಲ ಅನ್ನೋರು."

"ಅದು ಮೋಸ ಅಲ್ವಾ?" ಅದೇ ಹುಡುಗಿ ಕೇಳಿದಳು.

"ಮೈಸೂರಿನಿಂದ ನಮ್ಮತ್ತೆ ಸಾರಿಗೆ ಬೆಲ್ಲ ಹಾಕು ಅಂತ ಫೋನಲ್ಲಿ ಹೇಳ್ತಾರೆ. ಆಗಲಿ ಅತ್ತೆ ಅಂತೀನಿ. ಹಾಕಲ್ಲ. ಅವರ ಮೇಲೆ ಗೌರವ ಇಲ್ಲ ಅಂತ ಅಲ್ಲ, ಅಡುಗೆಮನೆ ನಂದು!"

ಪೆರುವಿನ ಹುಡುಗಿ ಮೆಚ್ಚಿ ಮೇಜು ಕುಟ್ಟಿದಳು. ಅನಂತರ ನನ್ನ ಮಾತು ನಿಲ್ಲಲಿಲ್ಲ. ನೆಪೋಲಿಯನ್ ಸ್ಪೇನಿನ ರಾಜನನ್ನು ಸೆರೆಯಲ್ಲಿಟ್ಟಾಗ ವಸಾಹತುಗಳ ಹಲವು ಊರುಗಳ ಮುಖಂಡರು ಸಭೆ ಸೇರಿದ್ದು, ಸೆರೆಯಲ್ಲಿದ್ದ ಅದೇ ರಾಜನ ಹೆಸರಿನಲ್ಲಿ ಪ್ರಮಾಣ ಮಾಡಿ ಆಡಳಿತವನ್ನು ತಾವೇ ವಹಿಸಿಕೊಂಡದ್ದು, ಕಡೆಗೆ ಆ ಹೆಸರೂ ಬೇಡವಾಗಿ ಯುದ್ಧಕ್ಕಿಳಿದದ್ದು, ಎಲ್ಲವನ್ನೂ ಹಾಳೆ ನೋಡದೆ ಹೇಳಿದೆ.

ಉಪನ್ಯಾಸಕಿ ಗಡಿಯಾರ ತೋರಿಸಿ, "ಸಮಯ ಮುಗಿಯಿತು," ಎಂದರು.

"ಆಗಲಿ ಮೇಡಂ," ಎಂದು ತಲೆಬಾಗಿ ವಂದಿಸಿ, ನಾನು ಮಾತು ಮುಂದುವರಿಸಿದೆ.