ಮಣ್ಣು ಮೆತ್ತಗಿದ್ದ ಮೂಲೆ

ಸಂಜೆ ಐದೂವರೆಗೆ ಮೂಲೆಯ ಕಂಬ ನೆಲದೊಳಗೆ ಒಂದು ಗೇಣು ಇಳಿಯಿತು. ಚಹಾಕ್ಕೆ ನೀರಿಡುವಾಗ ಗೋಡೆಯ ಗಡಿಯಾರ ನೋಡಿದ್ದರಿಂದ ಹೊತ್ತು ನೆನಪಿದೆ. ನನ್ನ ಗಂಡ ಹಿತ್ತಲಲ್ಲಿ ತಾವೇ ಕಟ್ಟುತ್ತಿದ್ದ ಮರದ ಅಟ್ಟಣಿಗೆಯ ಮೇಲೆ ಕೂತು ಕೊನೆಯ ಹಲಗೆಗೆ ಮೊಳೆ ಹೊಡೆಯುತ್ತಿದ್ದರು. ಸುತ್ತಿಗೆಯ ಸದ್ದು ನಿಂತಿತು.

"ಏ, ಇಲ್ಲಿ ಬಾ, ನೋಡು ಬಾ. ಕಂಬ ಕುಂತಬಿಟ್ಟೈತಿ!"

ದನಿಯಲ್ಲಿ ನಗುವಿತ್ತು. ನಾನು ಹಿಂಬಾಗಿಲಿಗೆ ಬರುವಷ್ಟರಲ್ಲಿ ಅವರು ಕೆಳಗಿಳಿದು, ಕಂಬಕ್ಕೆ ಕೈಯಾನಿಸಿ ಅದರ ಬುಡ ನೋಡುತ್ತಿದ್ದರು. ನೋಡುತ್ತಿದ್ದಂತೆ ಅವರ ಕಾಲ ಕೆಳಗಿನ ನೆಲವೇ ಕುಸಿಯಿತು. ಕಣ್ಣೆದುರಿಗಿದ್ದ ಮನುಷ್ಯ ಕಾಣದಾದರು. ಹಿಂದೆಯೇ ಅಟ್ಟಣಿಗೆಯ ಆ ಮೂಲೆ ಮುರಿದು, ಒಂದು ತೊಲೆ ಜಾರಿ ಕುಣಿಯ ಬಾಯಿಗೆ ಅಡ್ಡ ಬಿತ್ತು. ಒಂದಿಷ್ಟು ಧೂಳು ಎದ್ದಿತು. ಅಷ್ಟೇ.

ಇಷ್ಟು ವರ್ಷಗಳಾದರೂ ಅದನ್ನು ನೆನೆದಾಗ ನನಗೆ ಭಯಕ್ಕಿಂತ ಸಿಟ್ಟೇ ಮೊದಲು ಬರುತ್ತದೆ.

ಹಳೆ ಬಾಗಲಕೋಟೆಗೆ ಹಿನ್ನೀರು ಬಂದು ಓಣಿಗಳು ಒಂದೊಂದಾಗಿ ಖಾಲಿಯಾಗುತ್ತಿದ್ದ ಕಾಲ ಅದು. ನಾವಿಬ್ಬರೂ ಆ ಊರಿನಲ್ಲಿ ಬೆಳೆದವರು. ನೌಕರಿ ಹುನಗುಂದದಲ್ಲಿತ್ತು. ಅವರು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದರು, ನಾನು ಹೈಸ್ಕೂಲಿನಲ್ಲಿ ವಿಜ್ಞಾನ. ಅಲ್ಲೇ ಒಂದು ಹಳೆಯ ಮನೆ ಕೊಂಡೆವು. ಮಾರಿದವರು ಮೊದಲು ಒಕ್ಕಲುತನ ಮಾಡುತ್ತಿದ್ದವರು, ಆಮೇಲೆ ಇಳಕಲ್ಲಿಗೆ ಹೋಗಿ ಸೀರೆ ಅಂಗಡಿ ಹಾಕಿದ್ದರು. ಹಿತ್ತಲು ದೊಡ್ಡದಿತ್ತು, ಆದರೆ ತುಂಬ ಹರಳುಕಲ್ಲು, ಕಲ್ಲಿನಡಿ ಚೇಳು. ಬೇಸಿಗೆಯಲ್ಲಿ ಸಂಜೆಯಾದರೂ ನೆಲ ಕಾವಲಿಯಂತೆ ಸುಡುತ್ತಿತ್ತು. ಆ ವರ್ಷದ ಒಂದು ಕ್ಯಾಲೆಂಡರಿನಲ್ಲಿ ಯಾವುದೋ ಪರದೇಶದ ಮನೆಯ ಚಿತ್ರವಿತ್ತು: ಮನೆಯ ಹಿಂದೆ ನೆಲದಿಂದ ಎರಡಡಿ ಮೇಲೆ ಮರದ ಹಲಗೆಗಳ ಅಟ್ಟಣಿಗೆ, ಅದರ ಮೇಲೆ ನಾಲ್ಕು ಕುರ್ಚಿ. ತಿಂಗಳು ಮುಗಿದರೂ ನನ್ನ ಗಂಡ ಆ ಹಾಳೆ ಮಗುಚಲಿಲ್ಲ.

"ಇಂಥಾದ್ದು ನಾನಽ ಕಟ್ಟತೇನಿ," ಎಂದರು. ಅಲ್ಲಿಯವರೆಗೆ ಅವರು ಕಟ್ಟಿದ್ದು ಎಂದರೆ ಪುಸ್ತಕದ ರಟ್ಟು ಮಾತ್ರ.

ಹಳೆ ಊರಿನಲ್ಲಿ ಮನೆ ಬಿಚ್ಚುವವರ ಹತ್ತಿರ ಸಾಗವಾನಿ ತೊಲೆಗಳು ಸಿಗುತ್ತಿದ್ದವು. ಜನ ಅದಕ್ಕೆ ಮುಳುಗಡೆ ಸಾಮಾನು ಎನ್ನುತ್ತಿದ್ದರು. ಟ್ರ್ಯಾಕ್ಟರಿನಲ್ಲಿ ತರಿಸಿದೆವು. ಒಂದೊಂದು ತೊಲೆಯನ್ನೂ ಅವರು ತಟ್ಟಿ, ಮೂಸಿ, ಗೆದ್ದಲಿಲ್ಲವೆಂದು ಖಾತ್ರಿ ಮಾಡಿಕೊಂಡರು. ಮರದ ಬಗ್ಗೆ ಅಷ್ಟೊಂದು ಎಚ್ಚರವಹಿಸಿದ ಮನುಷ್ಯ ನೆಲದ ಬಗ್ಗೆ ಯಾಕೆ ಅನುಮಾನಪಡಬೇಕು? ನೆಲ ಎಂದರೆ ನೆಲ. ನನ್ನ ರಂಗೋಲಿ ಪುಡಿಯಿಂದ ಹಿತ್ತಲಲ್ಲಿ ಚೌಕ ಎಳೆದು, ನಾಲ್ಕು ಮೂಲೆಗೆ ಗುರುತು ಹಾಕಿದರು.

ಮರುದಿನದಿಂದ ನಮ್ಮ ಹಿತ್ತಲು ಓಣಿಗೆಲ್ಲ ಮನರಂಜನೆಯಾಯಿತು. ಪಕ್ಕದ ಮನೆಯ ಕಾಕಾ ನಿವೃತ್ತ ಮುಖ್ಯಾಧ್ಯಾಪಕರು, ಹುಟ್ಟಿದ್ದೂ ಬೆಳೆದದ್ದೂ ಅದೇ ಓಣಿಯಲ್ಲಿ. ದಿನವೂ ಸಂಜೆ ಅಡ್ಡಗೋಡೆಗೆ ಮೊಣಕೈಯೂರಿ ನಿಲ್ಲುತ್ತಿದ್ದರು.

"ಏನ್ರಿ ಪ್ರೊಫೆಸರ್ ಸಾಹೇಬ್ರ, ಸ್ಟೇಜ್ ಕಟ್ಟಾಕತ್ತೀರಿ. ಯಾವ ನಾಟಕರಿ?"

"ನಾಟಕ ಇನ್ನಾ ಬರದಿಲ್ರಿ ಕಾಕಾ. ನಿಮಗ ರಾಜನ ಪಾರ್ಟ್ ತಗದಿಟ್ಟೇನಿ."

"ರಾಜನ ಪಾರ್ಟ್ ಬ್ಯಾಡ, ಮೀಸಿ ಹಚ್ಚಿದ್ರ ನನಗ ತುರಸ್ತೈತಿ!"

ಮೂರು ಮೂಲೆಗಳಲ್ಲಿ ಗಟ್ಟಿ ಗರಸು ಮಣ್ಣು. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು, ಅಂಗೈ ತುಂಬ ಬೊಬ್ಬೆ. ನಾಲ್ಕನೆಯ ಮೂಲೆಯಲ್ಲಿ ಮಾತ್ರ ಹಾರೆ ಬೆಣ್ಣೆಯೊಳಗೆ ಹೋದಂತೆ ಹೋಯಿತು. ಹೊಸಬರಿಗೆ ಅದಕ್ಕಿಂತ ದೊಡ್ಡ ಖುಷಿ ಯಾವುದಿದೆ! ಕಂಬದ ಕುಣಿ ಒಂದೇ ತಾಸಿನಲ್ಲಿ ಮುಗಿಯಿತು. ಗೋಡೆಯ ಮೇಲಿಂದ ಕಾಕಾ ನಕ್ಕರು.

"ಈ ಮೂಲ್ಯಾಗ ಭೂಮಿತಾಯಿ ನಿಮ್ಮ ಮ್ಯಾಲ ಭಾಳ ಪ್ರೀತಿ ಮಾಡ್ಯಾಳ ನೋಡ್ರಿ."

ನಾವೂ ನಕ್ಕೆವು. ಆ ಮಾತನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ನನ್ನ ಗಂಡ ಬಿದ್ದ ಕೂಡಲೇ ನಾನು ಅಂಚಿಗೆ ಓಡಿ ಮಂಡಿಯೂರಿ ಕೂಗಿದೆ. ತಳದಿಂದ ದನಿ ಬಂತು. "ಕಾಲು ಉಳುಕೇತಿ. ಏನೂ ಆಗಿಲ್ಲ. ಹೊಲಸು ನಾರತೈತಿ ಇಲ್ಲಿ." ಕೊಳೆತ ಕಾಳಿನ ಹುಳಿ ವಾಸನೆ ನನ್ನ ಮೂಗಿಗೂ ಬಡಿಯಿತು. ಹಗ್ಗವಿರಲಿಲ್ಲ. ಗೋಡೆಗೆ ಒರಗಿಸಿದ್ದ ಏಣಿ ಎಳೆದು ತಂದು ಇಳಿಸಹೊರಟೆ. ಹಿಂದಿನಿಂದ ಯಾರೋ ನನ್ನ ರಟ್ಟೆ ಹಿಡಿದು ಜಗ್ಗಿದರು. ಕಾಕಾ. ಗೋಡೆ ಹಾರಿ ಬಂದಿದ್ದರು.

"ಇಳೀಬ್ಯಾಡ ತಂಗಿ! ಗಾಳಿ ಕೆಟ್ಟಿರತೈತಿ ಒಳಗ. ಹಗೇವು ಐತಿ ಅದು, ಹಗೇವು!"

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡುವ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಆಳ ಎರಡಾಳು. ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಮಣ್ಣೆಳೆದರೆ ಒಳಗೊಂದು ಕಣಜವಿದೆ ಎಂದು ಹೊಸಬರಿಗೆ ಗೊತ್ತಾಗುವುದಿಲ್ಲ. ಒಳಗೆ ಉಳಿದ ಕಾಳು ಕೊಳೆತರೆ ಅಲ್ಲಿಯ ಗಾಳಿ ಮನುಷ್ಯನನ್ನು ಕೊಲ್ಲುತ್ತದೆ. ಕೆಟ್ಟ ಗಾಳಿ ಭಾರ, ತಳದಲ್ಲೇ ಕೂರುತ್ತದೆ ಎಂದು ನಾನು ಶಾಲೆಯ ಮಕ್ಕಳಿಗೆ ಮೇಣದಬತ್ತಿ ಆರಿಸಿ ತೋರಿಸಿದವಳು. ತಳದಲ್ಲಿ ನನ್ನ ಗಂಡ ಇದ್ದರು.

"ಮಾತಾಡ್ರಿ," ಎಂದು ಕೂಗಿದೆ. "ಏನರ ಮಾತಾಡ್ರಿ!"

"ಹೂಂ… ನಿದ್ದಿ ಬಂದಂಗ ಆಗಾಕತ್ತೈತಿ," ಎಂದರು. ಮಾತು ತೊದಲುತ್ತಿತ್ತು.

ಅಷ್ಟರಲ್ಲಿ ಓಣಿಯ ಗಂಡಸರು ಸೇರಿದ್ದರು. ಅಡ್ಡಬಿದ್ದ ತೊಲೆ ಸರಿಸಿದರು. ಒಬ್ಬರು ಬೇವಿನ ಟೊಂಗೆ ಮುರಿದು ಹಗ್ಗಕ್ಕೆ ಕಟ್ಟಿ, ಬಾವಿಯಲ್ಲಿ ಕೊಡ ಎತ್ತಿಳಿಸುವಂತೆ ಎತ್ತಿಳಿಸಿ ಗಾಳಿಯಾಡಿಸತೊಡಗಿದರು. ಇನ್ನೊಂದು ಹಗ್ಗಕ್ಕೆ ಕುಣಿಕೆ ಹಾಕಿ ಇಳಿಬಿಟ್ಟರು. "ಬಗಲಾಗ ಹಾಕ್ಕೋರಿ ಸರ್! ಬಗಲಾಗ!" ಅವರು ಹಾಕಿಕೊಳ್ಳಲಿಲ್ಲ. ಸುಮ್ಮನೆ ಕೂತಿದ್ದರು. ನಾನು ಗಂಟಲು ಹರಿಯುವಂತೆ ಬೈದೆ. ಮದುವೆಯಾದಂದಿನಿಂದ ಆಡದ ಮಾತುಗಳನ್ನೆಲ್ಲ ಓಣಿಯೆದುರು ಆಡಿದೆ. ಬೈಗುಳಕ್ಕೋ ಏನೋ, ಒಮ್ಮೆ ತಲೆಯೆತ್ತಿದರು. ಒಂದು ತೋಳು ತೂರಿಸಿದರು, ಮತ್ತೊಂದು. ಎಳೆದು ಹಾಕಿದಾಗ ಅವರ ತುಟಿ ನೇರಳೆ ಹಣ್ಣು ತಿಂದಂತಿತ್ತು.

ಬಾಗಲಕೋಟೆಯ ದವಾಖಾನೆಯಲ್ಲಿ ಅವರು ಚೇತರಿಸಿಕೊಂಡರು. ಮನೆಗೆ ಬಂದಾಗ ನೋಡಲು ಬಂದವರದೆಲ್ಲ ಒಂದೇ ಮಾತು: ದೇವರು ದೊಡ್ಡಾಂವ. ದೇವರು ದೊಡ್ಡವನೇ ಇರಲಿ. ನಾನು ಕೇಳಿದ್ದು ಬೇರೆ. ಹಿತ್ತಲಲ್ಲಿ ಹಗೇವಿದೆ ಎಂದು ನಿಮಗೆ ಗೊತ್ತಿತ್ತೇ? ಗೊತ್ತಿತ್ತು. ಹಿಟ್ಟಿನ ಗಿರಣಿಯವರಿಗೆ ಗೊತ್ತಿತ್ತು, ನೀರಿನ ಸರದಿಯಲ್ಲಿ ನಿಂತು ನನ್ನೊಡನೆ ಹರಟುತ್ತಿದ್ದ ಹೆಂಗಸರಿಗೂ ಗೊತ್ತಿತ್ತು. ಕಾಕಾ ಹುಡುಗನಾಗಿದ್ದಾಗ ಅದರಲ್ಲಿ ಇಳಿದು ಜೋಳ ಎತ್ತಿಕೊಟ್ಟವರು.

"ಮತ್ಯಾಕ ಹೇಳಲಿಲ್ರಿ ಕಾಕಾ?"

"ನೀವು ಕೇಳಲಿಲ್ಲಲ್ಲವ್ವಾ."

"ಇರೂದು ಗೊತ್ತಿದ್ರಲ್ಲ ಕೇಳೂದು!"

"ಮನಿ ಕೊಟ್ಟಾಂವ ಹೇಳಿರ್ತಾನ ಅಂತ ತಿಳಕೊಂಡೆ. ಮ್ಯಾಲ, ಯಾರದರ ಮನಿ ಉಸಾಬರಿ ನಮಗ್ಯಾಕಂತ…"

ಉಸಾಬರಿ! ನಮ್ಮ ಮನೆಗೆ ಯಾವ ನೆಂಟರು ಬಂದರು, ಅಡುಗೆ ಏನು, ನಮಗೆ ಯಾಕೆ ಇನ್ನೂ ಮಕ್ಕಳಾಗಿಲ್ಲ, ಇದೆಲ್ಲ ಆ ಓಣಿಯ ಉಸಾಬರಿಯೇ ಆಗಿತ್ತು. ಕಾಲಡಿಯ ಸಾವೊಂದು ಮಾತ್ರ ನಮ್ಮ ಖಾಸಗಿ ವಿಷಯವಾಗಿತ್ತು. ಹಗ್ಗ ಜಗ್ಗಿದ ಕೈಗಳೂ ಅವರದೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಹಗ್ಗ ಬೇಕಾಗದಂತೆ ಮಾಡಲು ಒಂದು ಮಾತು ಸಾಕಿತ್ತು.

ಇಳಕಲ್ಲಿಗೂ ಹೋದೆ. ಮನೆ ಮಾರಿದವರು ಗಾದಿಯ ಮೇಲೆ ಕೂತು ಗಿರಾಕಿಗೆ ಸೀರೆಯ ಸೆರಗು ಬಿಚ್ಚಿ ತೋರಿಸುತ್ತಿದ್ದರು. ನನ್ನ ಮಾತು ಕೇಳಿ, "ಹಗೇವು ಅಂದ್ರ ಮನಿಗೆ ಲಕ್ಷಣರಿ ಅಕ್ಕಾರ. ಈಗ ಯಾರು ತಗಸತಾರ ಅಂಥಾದ್ದು?" ಎಂದರು. ಅದರ ಬಾಯಿಯ ಚಪ್ಪಡಿ ಸೀಳುಬಿಟ್ಟಿದ್ದು ಅವರಿಗೆ ಗೊತ್ತಿತ್ತಂತೆ. ಗಿರಾಕಿಯ ಎದುರಿಗೇ ನಾನು ಅಂದದ್ದನ್ನು ಇಲ್ಲಿ ಬರೆಯಲಾರೆ. ಗಿರಾಕಿ ಸೀರೆ ಬಿಟ್ಟೆದ್ದು ಹೋದಳು. ಅಷ್ಟಾದರೂ ಆಯಿತು.

ರಾತ್ರಿ ನನ್ನ ಗಂಡನಿಗೆ ಕಣ್ಣು ಮುಚ್ಚಿದರೆ ಬೀಳುವ ಭಯ. ನನಗೆ ಅವರು ಕಣ್ಣು ಮುಚ್ಚಿದರೆ ಭಯ. ಉಸಿರಿನ ಸದ್ದು ಸ್ವಲ್ಪ ತಗ್ಗಿದರೂ ಅಲುಗಾಡಿಸಿ ಎಬ್ಬಿಸುತ್ತಿದ್ದೆ. "ಅದೀನಿ, ಅದೀನಿ," ಎನ್ನುತ್ತಿದ್ದರು. ಡಾಕ್ಟರು ನಿದ್ದೆಗೆ ಮದ್ದು ಕೊಟ್ಟರು, ಬಾದಾಮಿಯ ಬನಶಂಕರಿಗೆ ಹೋಗಿ ಬಂದೆವು. ಹಿತ್ತಲಲ್ಲಿ ಹಗೇವಿನ ಬಾಯಿ ಹಾಗೆಯೇ ಇತ್ತು. ಅಟ್ಟಣಿಗೆಯ ಹಲಗೆ ಮುಚ್ಚಿ ಕಲ್ಲು ಹೇರಿದ್ದೆವು, ಆದರೆ ಅದು ಅಲ್ಲಿದೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಒಂದು ರವಿವಾರ ನಾನು ಗರಸಿನ ಟ್ರ್ಯಾಕ್ಟರ್ ತರಿಸಿ ಓಣಿಯ ನಡುವೆ ಸುರಿಸಿದೆ, ಯಾರ ಗಾಡಿಯೂ ದಾಟದಂತೆ. ಕಾಕಾ ಹೊರಗೆ ಬಂದರು.

"ಇದೇನವಾ, ಹಾದ್ಯಾಗ?"

"ಹಾದಿ ಬೇಕಂದ್ರ ಬುಟ್ಟಿ ತುಂಬಿಕೊಂಡು ಹಿತ್ತಲಕ್ಕ ಬರ್ರಿ. ಈಗ ಕೇಳಾಕತ್ತೇನಿ ನೋಡ್ರಿ, ಬಾಯಿ ಬಿಟ್ಟು ಕೇಳಾಕತ್ತೇನಿ."

ಅವರು ಒಳಹೋಗಿ ಪಂಚೆ ಮೇಲೆ ಕಟ್ಟಿ ಬುಟ್ಟಿ ತಂದರು. ಆಮೇಲೆ ಗಿರಣಿಯವರು, ನೀರಿನ ಸರದಿಯ ಹೆಂಗಸರು. ಪದರ ಪದರವಾಗಿ ನೀರು ಹಾಕಿ, ನನ್ನ ಗಂಡ ಮೇಲೆ ನಿಂತು ದಿಮ್ಮಿಯಿಂದ ಬಡಿದರು. ಸಂಜೆಗೆ ಅದು ನೆಲದ ಸಮಕ್ಕೆ ಬಂತು. ಅವರು ಅದರ ಮೇಲೆ ಕಾಲಿಟ್ಟು, ಮೊದಲು ಮೆಲ್ಲಗೆ, ಆಮೇಲೆ ಹಾರಿ ಹಾರಿ ನೋಡಿದರು.

ಮರುದಿನ ಹಾಲಿನವನು ಬಾಗಿಲು ಬಡಿದು ಬೇಸತ್ತು ಪಾತ್ರೆ ಹೊಸ್ತಿಲಲ್ಲಿಟ್ಟು ಹೋಗಿದ್ದ. ನಮಗೆ ಎಚ್ಚರವಾದಾಗ ಹಾಲು ಬೆಕ್ಕಿನ ಪಾಲಾಗಿತ್ತು, ಬಿಸಿಲು ಹಾಸಿಗೆಯವರೆಗೆ ಬಂದಿತ್ತು.